ಟಾಕಿ ತುಂಬಿಸಿಟ್ಟಾಕಿ

ಪೆಟ್ರೋಲಿಗೆ ಪೆಟ್ರೋಲಿನ ವಾಸನೆಯೇ ಇಲ್ಲ — ಟಾಕಿಯ ಮುಚ್ಚಳ ತಿರುವಿ ಮೂಗು ಒಯ್ದರೆ ಹಳೆಯ ವಾರ್ನಿಶು, ಹುಳಿತ ಬೆಲ್ಲ, ಮಳೆಗಾಲವಿಡೀ ತೆರೆಯದ ಕಪಾಟು, ಎಲ್ಲ ಸೇರಿದ ಒಂದು ಮಂಕು ವಾಸನೆ, ಪ್ರಾಚಿ ಮುಚ್ಚಳವನ್ನು ಅಂಗೈಯಲ್ಲಿ ಹಿಡಿದು ಹಾಗೇ ಕೂತಳು, ಇದು ಹೀಗೇ ಇರುತ್ತದೆಂದು ಗೊತ್ತಿತ್ತು, ಬೆಳಿಗ್ಗೆ ಬೆಳಗಾವಿಯಿಂದ ಬಸ್ಸು ಹೊರಟಾಗಲೇ ಗೊತ್ತಿತ್ತು, ಸರಿ ಮಾಡುವುದೂ ಗೊತ್ತು, ಹಾಗಾದರೆ ಮುಚ್ಚಳ ಕೆಳಗಿಡಲು ಯಾಕೆ ಆಗುತ್ತಿಲ್ಲ, ಹತ್ತಿರ ಯಾರೂ ಇಲ್ಲ, ತನಗೆ ತಾನಾದರೂ ಒಪ್ಪಿಕೊಳ್ಳಬಹುದಲ್ಲ, ಹುಲ್ಲು ಕೊಯ್ಯುವ ಈ ಮೆಷೀನು ಚಾಲೂ ಆಗದಿದ್ದರೆ ಎಂಬ ಹೆದರಿಕೆ ಅಲ್ಲ ಇದು, ಚಾಲೂ ಆದರೆ ಎಂಬ ಹೆದರಿಕೆ — ಚಾಲೂ ಆದರೆ ಯಾರು ಮಾಡಿದ್ದೆಂದು ಕೇಳುತ್ತಾರೆ, ಕೇಳಿದರೆ ಬಾಯಿ ತೆರೆಯಬೇಕು, ಬಾಯಿ ತೆರೆದರೆ ಈ ಟಾಕಿಯೊಳಗಿನ ಹುಳುಕು ಯಾರದೆಂದೂ ಹೇಳಬೇಕು. ಖಾನಾಪುರದ ಚಂಪಾಬಾಯಿಯವರ ಮಂಗಲ ಕಾರ್ಯಾಲಯದ ಹಿಂದಿನ ಪಡಸಾಲೆ, ನೆಲಕ್ಕೆ ಗೋಣಿಚೀಲ, ಅದರ ಮೇಲೆ ಮೆಷೀನು, ಎದುರಿಗೆ ಲಾನು, ಅದಕ್ಕೆ ಲಾನೆಂದರೆ ಲಾನಿಗೇ ನಗು ಬಂದೀತು, ಮೊಣಕಾಲುದ್ದ ಬೆಳೆದು ಒಂದರ ಮೇಲೊಂದು ಮಲಗಿದ ಹುಲ್ಲು, ನಾಡಿದ್ದು ಇದರ ಮೇಲೆ ಕುರ್ಚಿ ಹಾಕಿ ಐನೂರು ಜನ ಕೂರಬೇಕು, ತುಳಸಿ ಲಗ್ನ ಮುಗಿದ ಮೇಲಿನ ಮೊದಲ ಮದುವೆ. ಅಪ್ಪ ನಿನ್ನೆ ಅನಗೋಳದ ರಿಪೇರಿ ಅಂಗಡಿಯ ಶಟರು ಅರ್ಧ ಇಳಿಸಿ, ಅರ್ಧ ಇಳಿದ ಶಟರಿನ ಕೆಳಗೆ ಬಗ್ಗಿ ನಿಂತುಕೊಂಡೇ ಹೇಳಿದ್ದ, ನೋಡವ್ವಾ, ನಿನ್ನ ಕೈಗೆ ಕೆಲಸ ಬರತದ, ನಾ ಇಲ್ಲ ಅನ್ನೂದಿಲ್ಲ, ಆದ್ರ ಗಿರಾಕಿ ಮುಂದ ನಿನ್ನ ಬಾಯಿಗೆ ಏನಾಗತದ, ನಿಮ್ಮಣ್ಣ ಟ್ರ್ಯಾಕ್ಟರ್ ಶೋರೂಮ್ ಸೇರಿದ, ನನ್ನ ಮೊಣಕಾಲು ಬಸ್ಸ ಹತ್ತಾಕ ಬಿಡೂದಿಲ್ಲ, ಮಂದಿ ಮುಂದ ನಿಂತು ಮಾತಾಡವರು ಯಾರು, ನಾಳೆ ಚಂಪಾಬಾಯಾರ ಮುಂದ ಇದು ನನ್ನ ಕೆಲಸರಿ, ಇನ್ನ ಮುಂದ ನಾನ ಬರತೀನಿ ಅಂತ ಹೇಳಿ ಬಾ, ಆಗಲಿಲ್ಲ ಅಂದ್ರ ಬ್ಯಾಡ, ಹುಲ್ಲಿನ ಮೆಷೀನೆಲ್ಲಾ ಖಾನಾಪುರದ ಮಿಸ್ತ್ರಿ ಸಾತಪ್ಪಗ ಬಿಟ್ಟುಬಿಡೂಣು, ನಾವು ಪಂಪಸೆಟ್ ಅಷ್ಟ ನೋಡೂಣು. ಅಪ್ಪ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಬೈದದ್ದನ್ನು ಡೈರಿಯಲ್ಲಿ ಬರೆದು ಮುಚ್ಚಬಹುದು, ಇದನ್ನು ಬರೆಯಲು ಹೋದರೆ ಮುಂದಿನ ಸಾಲು ಖಾಲಿ ಉಳಿಯಿತು.

ಮೊದಲು ಪ್ಲಗ್ಗಿನ ವೈರು, ಯಾವತ್ತೂ ಮೊದಲು ಪ್ಲಗ್ಗಿನ ವೈರು, ಅದನ್ನು ಕಿತ್ತು ದೂರ ಇಡದೆ ಬ್ಲೇಡಿನ ಹತ್ತಿರ ಕೈ ಒಯ್ಯಬಾರದು, ಸುಮ್ಮನಿದ್ದಾಗ ಸಾಧುವಿನಂತಿರುವ ಈ ಬ್ಲೇಡನ್ನು ಕೈಯಿಂದ ಅರ್ಧ ಸುತ್ತು ತಿರುಗಿಸಿದರೂ ಎಂಜಿನ್ನಿಗೆ ಜೀವ ಬಂದುಬಿಡಬಹುದು, ವೈರು ಕಿತ್ತಳು, ಆಮೇಲೆ ರಬ್ಬರು ನಳಿಕೆ, ಟಾಕಿಯಿಂದ ಹಳೆಯ ಪೆಟ್ರೋಲು ಪಾರದರ್ಶಕ ಬಾಟಲಿಗೆ ಇಳಿಯುತ್ತದೆ, ತಾಜಾ ಪೆಟ್ರೋಲಿನ ಹೊಳಪಿಲ್ಲ, ಕುದಿಸಿ ಕುದಿಸಿ ಬಿಟ್ಟ ಚಹಾದ ಬಣ್ಣ, ಬಾಟಲಿ ಎತ್ತಿ ಬೆಳಕಿಗೆ ಹಿಡಿದರೆ ತಳದಲ್ಲಿ ಬೇರೆಯೇ ಒಂದು ಪದರ, ನೀರು, ಅಲುಗಿಸಿದರೆ ಗುಂಡಗುಂಡಗೆ ಒಡೆದು ಮತ್ತೆ ಕೂಡಿಕೊಳ್ಳುವ ನೀರು — ಈಗಿನ ಪೆಟ್ರೋಲಿನಲ್ಲಿ ಎಥೆನಾಲು ಇರುತ್ತದೆ, ಅದು ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ, ಖಾನಾಪುರದ ಮಳೆಗಾಲದಲ್ಲಿ ತೇವಕ್ಕೇನು ಬರ, ಗೋಡೆಗೆ ಬೆನ್ನು ಕೊಟ್ಟರೆ ಕುಪ್ಪಸ ಹಸಿಯಾಗುವ ಊರು, ನಾಲ್ಕು ತಿಂಗಳು, ತುಂಬಿದ ಟಾಕಿ. ತುಂಬಿಸಿದ್ದು ಯಾರು. ಚಂಪಾಬಾಯಿಯವರದು ಜೈನರ ಚಾತುರ್ಮಾಸದ ನೇಮ, ಆಷಾಢದ ಚತುರ್ದಶಿಯಿಂದ ದೀಪಾವಳಿಯ ತನಕ ಅವರ ಕಂಪೌಂಡಿನೊಳಗೆ ಒಂದು ಹಸಿರು ಎಸಳೂ ಕೊಯ್ಯುವಂತಿಲ್ಲ, ನಮ್ಮ ಮನೆಯಲ್ಲಿ ಸೊಪ್ಪು ತಿನ್ನುವುದಷ್ಟೇ ಬಿಡುತ್ತೇವೆ, ಅವರು ಲಾನನ್ನೂ ಬಿಟ್ಟರು, ಅದಕ್ಕೇ ಜುಲೈಯಲ್ಲಿ ಅಣ್ಣನ ಬೈಕಿನ ಹಿಂದೆ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಬಂದು ಸಣ್ಣ ಸರ್ವಿಸು ಮಾಡಿ ಮೆಷೀನನ್ನು ಕೋಣೆಗೆ ಸೇರಿಸಿದ್ದು, ಅಣ್ಣ ಮುಂದಿನ ಪಡಸಾಲೆಯಲ್ಲಿ ಚಂಪಾಬಾಯಿಯವರ ಜೊತೆ ಚಹಾ ಕುಡಿಯುತ್ತ ಗುಂಜಿಯ ಕಾಡಿನಿಂದ ಕಾಡುಕೋಣ ರೈಲು ಹಳಿಗೆ ಬಂದ ಸುದ್ದಿ ಹೇಳುತ್ತಿದ್ದ, ಇವಳು ಇಲ್ಲೇ, ಇದೇ ಗೋಣಿಚೀಲದ ಮೇಲೆ, ಮೇಲೆಲ್ಲ ಒರೆಸಿ ಎಲ್ಲ ಬಿಗಿದು ಕೊನೆಗೆ ಟಾಕಿ ನೋಡಿದಾಗ ತಳದಲ್ಲಿ ಅರ್ಧ ಲೋಟದಷ್ಟು ಪೆಟ್ರೋಲು, ಅಯ್ಯೋ ಖಾಲಿ ಹೇಗೆ ಇಡುವುದು. ಹಾಗಂದುಕೊಂಡದ್ದು ತಲೆಯಲ್ಲ, ಕೈ, ಅಜ್ಜಿಯ ಕೈಯಡಿ ಬೆಳೆದ ಕೈ, ಬಾಜೂ ಮನೆಯ ಕಾಂತಾ ಕಾಕು ಉಂಡಿ ಕೊಟ್ಟ ಡಬ್ಬಿ ತಿರುಗಿ ಕೊಡುವಾಗ ಅಜ್ಜಿ ಬಾಗಿಲಲ್ಲೇ ತಡೆಯುತ್ತಿದ್ದಳು, ಖಾಲಿ ಡಬ್ಬಿ ಕೊಡಬಾರದ ಖೋಡಿ, ಒಂದು ಚಿಮಟಿ ಸಕ್ರಿಯಾದರೂ ಹಾಕು, ಖಾಲಿ ಭಾಂಡೆ ಮಂದಿ ಮನಿಗೆ ಹೋಗಬಾರದು, ಖಾಲಿ ಭಾಂಡೆ ಮಾಡಿನ ಮ್ಯಾಲೂ ಇಡಬಾರದು, ಅಕ್ಕಿಯ ಡಬ್ಬಿಯ ತಳದಲ್ಲಿ ನಾಲ್ಕು ಕಾಳು, ಕುಂಕುಮದ ಭರಣಿಯಲ್ಲಿ ಒಂದು ಬೆರಳಿನಷ್ಟು, ಹಾಗೆ ಟಾಕಿಯಲ್ಲಿ ಕಂಠಮಟ್ಟ ಪೆಟ್ರೋಲು, ಎಷ್ಟು ಮರ್ಯಾದೆಯಿಂದ ತುಂಬಿಸಿದ್ದಳು, ಒಂದು ಹನಿ ಹೊರಗೆ ಚೆಲ್ಲದಂತೆ. ಬಿ.ಎಸ್ಸಿ. ಪಾಸಾದವಳು. ಆಗಸ್ಟಿನಲ್ಲಿ ಬೇರೆ ಯಾವುದಕ್ಕೋ ಮೆಷೀನಿನ ಪುಸ್ತಕ ತೆರೆದಾಗ ಕೊನೆಯ ಪುಟದಲ್ಲಿ ಇತ್ತು, ಒಂದು ತಿಂಗಳಿಗಿಂತ ಹೆಚ್ಚು ಇಡುವುದಾದರೆ ಟಾಕಿ ಪೂರ್ತಿ ಖಾಲಿ ಮಾಡಿ, ಕೆಳಗೆ ಗೆರೆ ಬೇರೆ ಎಳೆದಿದ್ದರು, ಅವತ್ತು ಡೈರಿಯಲ್ಲಿ ಬರೆದಳು, ಸಕ್ಕರೆ ಹಾಕಿ ಕೊಟ್ಟೆ, ಇರುವೆ ಆಯಿತು. ಡೈರಿ ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ಏನ ತಂಗೆವ್ವಾ, ಪೆಟ್ಟಿಗಿ ಅಷ್ಟ ಬಂತು, ಮಿಸ್ತ್ರಿ ಎಲ್ಲಿ — ಬಂಡೆಪ್ಪ, ಈ ಕಾರ್ಯಾಲಯದ ಹುಲ್ಲು ನೀರು ಗಿಡ ಎಲ್ಲ ನೋಡುವವ, ಹೊಸ ಪೆಟ್ರೋಲಿನ ಕ್ಯಾನು ತಂದು ಧಡ್ಡನೆ ಇಟ್ಟ, ನಾ ಎಂಟ ದಿನದಿಂದ ಇದರ ಹಗ್ಗ ಜಗ್ಗಿ ಜಗ್ಗಿ ರಟ್ಟಿ ಕಳಕೊಂಡೇನಿ, ಎಮ್ಮಿ ಆಗಿದ್ರ ಇಷ್ಟೊತ್ತಿಗೆ ಹಾಲರ ಕೊಡತಿತ್ತು, ಇದು ಕೆಮ್ಮೂದೂ ಇಲ್ಲ, ನಿಮ್ಮಣ್ಣನ ಕೈ ಗುರ್ತು ಹಿಡದೈತಿ ನೋಡು, ನಮ್ಮ ಕೈಗೆ ಬಗ್ಗಾಂಗಿಲ್ಲ. ಪ್ರಾಚಿ ನಕ್ಕಳೋ ಏನೋ, ತುಟಿಯ ಒಂದು ಅಂಚು ಹೋಗಿ ಬಂದಿರಬೇಕು, ಅಣ್ಣನ ಕೈ, ಅಣ್ಣನ ಕೈಗೆ ಈ ಮೆಷೀನಿನ ಹಿಡಿಕೆ ಬಿಟ್ಟರೆ ಬೇರೇನೂ ತಾಗಿಲ್ಲ, ಆದರೆ ಹಿಡಿಕೆಗೆ ಕಟ್ಟಿದ ಸರ್ವಿಸ್ ಚೀಟಿಯಲ್ಲಿ ತಾರೀಖಿನ ಮುಂದೆ ಎರಡು ವರ್ಷದಿಂದ ಒಂದೇ ಸಹಿ, ಪ್ರ ಎಂಬ ಒಂದೇ ಅಕ್ಷರ, ಅವಳದೇ ಕೈಬರಹ, ಅವಳದೇ ಹೆಸರಿನ ಮೊದಲಕ್ಷರ, ಊರೆಲ್ಲ ಅದನ್ನು ಅಣ್ಣನ ಹೆಸರು, ಪ್ರತೀಕ, ಎಂದು ಓದುತ್ತದೆ, ಅವಳು ದೀರ್ಘ ಹಾಕಿ ಪ್ರಾ ಎಂದು ಬರೆದಿದ್ದರೆ ಮುಗಿದಿತ್ತು, ಒಂದು ದೀರ್ಘ, ಒಂದು ಗೀಟಿನಷ್ಟು ಶಾಯಿ, ಅದನ್ನೂ ಎಳೆಯಲು ಆಗದವಳು. ಅಷ್ಟರಲ್ಲಿ ಒಳಗಿನಿಂದ ಚಂಪಾಬಾಯಿಯವರ ದನಿ, ಆಮೇಲೆ ಚಂಪಾಬಾಯಿ, ಎಪ್ಪತ್ತು ದಾಟಿದರೂ ಕಚ್ಚೆ ಹಾಕಿ ಉಟ್ಟ ಸೀರೆಯಲ್ಲಿ ಬಾಣದ ಹಾಗೆ ನೆಟ್ಟಗೆ, ಬಂದಿ ಏನ ಬಾಳ, ನನ್ನ ಮಗಳ, ಕೂಡು, ಕೂತಽ ಇದ್ದೀ ಬಿಡು, ನಿಮ್ಮಣ್ಣ ಭಾರೀ ಶಾಣ್ಯಾ ಅಂದಿದ್ದೆ ನಾನು, ಹೆಂಗ ಇಟ್ಟು ಹೋಗ್ಯಾನ ನೋಡು, ಚಹಾ ಕುಡಕೋತ ಹರಟಿ ಹೊಡದ ಹೋದಾ, ಮೆಷೀನ ಸತ್ತು ಕುಂತದ, ನಾಡಿದ್ದ ಬೀಗರು ಬಂದು ಇದೇನ್ರಿ ಚಂಪಾಬಾಯಿ, ಲಗ್ನದ ಲಾನೋ ದನದ ಹುಲ್ಲಗಾವಲೋ ಅಂದ್ರ ನಾ ಏನ ಹೇಳ್ಲಿ, ಆ ಸಾತಪ್ಪ ದಿನಾ ಬಂದು ಕೇಳತಾನ, ನನಗ ಕೊಡ್ರಿ ಅಂತ. ಆಯೀ, ಎಂದಳು ಪ್ರಾಚಿ, ಅಷ್ಟೇ ಬಂತು, ಆಯೀ ಎಂಬ ಎರಡಕ್ಷರದ ಹಿಂದೆ ಒಂದು ಇಡೀ ಸಾಲು ನಿಂತಿತ್ತು, ಅದು ಅಣ್ಣ ಅಲ್ಲ, ನಾನು ಎನ್ನಬೇಕಿತ್ತು, ಅಂದದ್ದು, ಆಯೀ, ಒಂದು ತಾಸು ಕೊಡ್ರಿ. ತಾಸಲ್ಲ, ಎರಡ ತಗೋ, ಖರೇ ನಿನಗ ಆಗತದೇನ, ನಿಮ್ಮಣ್ಣ ಎಲ್ಲಾ ಹೇಳಿಕೊಟ್ಟ ಕಳಿಸ್ಯಾನಿಲ್ಲ? ಉತ್ತರಕ್ಕೆ ಕಾಯದೆ ಅಡಿಗೆಯವರ ಕಡೆ ಹೊರಟೇ ಹೋದರು.

ಹೋಗಲಿ, ಕೈಗೆ ಕೆಲಸ ಇದೆ, ಕೈಗೆ ಕೆಲಸ ಇದ್ದಾಗ ಅವಳು ಪ್ರಾಚಿಯೇ, ಬಾಯಿ ತೆರೆದಾಗ ಮಾತ್ರ ಯಾರದೋ ತಂಗಿ — ಮೆಷೀನು ಓರೆ ಮಾಡಬೇಕು, ಬಂಡೆಪ್ಪ ಕೈ ಹಾಕಲು ಬಂದ, ಈ ಬಾಜೂ ಅಲ್ಲ ಕಾಕಾ, ಫಿಲ್ಟರ್ ಇರೂ ಬಾಜೂ ಮ್ಯಾಲ ಬರಬೇಕು, ಇಲ್ಲಾಂದ್ರ ಆಯಿಲ್ ಎಲ್ಲಾ ಫಿಲ್ಟರಿಗೆ ಇಳಿತದ, ಅಂದಳು, ಅರೆ, ಅಂದೇಬಿಟ್ಟಳಲ್ಲ, ಒಂದು ಪೂರಾ ಸಾಲು, ತಡವರಿಸದೆ, ಬಂಡೆಪ್ಪನೂ ಏನೂ ಆಗದವನಂತೆ ಹೂಂ ಅಂದು ಈ ಕಡೆ ಬಂದ. ಮೆಷೀನಿನ ಹೊಟ್ಟೆಯಡಿ ನೋಡಿದರೆ ಜುಲೈಯಲ್ಲಿ ಕೆರೆಯದೆ ಬಿಟ್ಟ ಒದ್ದೆ ಹುಲ್ಲು ಕಪ್ಪಗೆ ಒಣಗಿ ರೊಟ್ಟಿಯ ಹಾಗೆ ಅಂಟಿದೆ, ಕಟ್ಟಿಗೆಯ ಚಕ್ಕೆಯಿಂದ ಕೆರೆದಂತೆ ಪೊರೆಪೊರೆ ಏಳುತ್ತದೆ, ಒಂದು ಪೊರೆಯ ಹಿಂದೆ ಬಸವನಹುಳು, ಮನೆ ಹೊತ್ತುಕೊಂಡೇ ಮಲಗಿದ್ದು, ಹುಲ್ಲಿನೊಳಗೆ ಬಿಡುವಂತಿಲ್ಲ, ಹುಲ್ಲಿಗೇ ಈಗ ಮೆಷೀನು ಹೋಗುವುದು, ಎದ್ದು ಹೋಗಿ ಕಂಪೌಂಡಿನ ಗೋಡೆಯ ಬುಡದಲ್ಲಿ ಕಲ್ಲಿನ ನೆರಳಿಗೆ ಇಟ್ಟು ಬಂದಳು, ಬಂಡೆಪ್ಪ ನೋಡಿ, ಹುಳಕ್ಕ ಮನಿ ಬಾಡಿಗಿ ಕೊಟ್ಟ ಬಂದೆವ್ವಾ ಅಂದ. ಅಜ್ಜಿ ಕೇಳಿದ್ದಳು ಒಮ್ಮೆ, ಹುಲ್ಲ ಕೊಯ್ಯೂ ಮೆಷೀನಿಗೆ ಹಲ್ಲ ಮಸದ ಕೊಡತೀ, ಈ ಪಾಪ ಯಾರ ಲೆಕ್ಕಕ್ಕ, ಆಗ ಉತ್ತರ ಬರಲಿಲ್ಲ, ಈಗ ಬ್ಲೇಡು ಬಿಚ್ಚಿ ಮೊಳೆಗೆ ತೂಗು ಹಾಕಿ, ಭಾರದ ತುದಿ ಕೆಳಗೆ ಬಾಗಿದ್ದು ನೋಡಿ, ಆ ತುದಿಗೆ ಅರ ಹಾಕಿ ಉಜ್ಜುತ್ತ ಉತ್ತರ ತಾನಾಗಿ ಬರುತ್ತದೆ, ಮೊಂಡು ಬ್ಲೇಡು ಹುಲ್ಲನ್ನು ಹರಿಯುತ್ತದೆ, ಮರುದಿನ ತುದಿಯೆಲ್ಲ ಹಳದಿ, ಚೂಪು ಬ್ಲೇಡು ಒಂದೇ ಪೆಟ್ಟಿಗೆ ಕತ್ತರಿಸಿ ಬಿಡುತ್ತದೆ, ಹುಲ್ಲು ಮತ್ತೆ ಚಿಗುರುತ್ತದೆ, ಅಜ್ಜೀ, ಕೊಯ್ಯುವುದೇ ಇದ್ದರೆ ನೋಯದ ಹಾಗೆ ಕೊಯ್ಯಬೇಕು. ಅರ ಮುಂದಕ್ಕೆ ಮಾತ್ರ, ಹಿಂದಕ್ಕೆ ಎಳೆಯಬಾರದು, ಒಂದು, ಎರಡು, ಹತ್ತು, ಮೊಳೆಯ ಮೇಲೆ ಬ್ಲೇಡು ಈಗ ಅಡ್ಡಡ್ಡಲಾಗಿ ನೆಟ್ಟಗೆ ನಿಂತಿತು, ಯಾವ ಕಡೆಗೂ ವಾಲಲಿಲ್ಲ, ಆಹಾ, ಈ ಒಂದು ಕ್ಷಣಕ್ಕಾಗಿ ಅವಳು ಬೆಳಗಾವಿಯಿಂದ ನಡೆದೂ ಬಂದಾಳು. ಬ್ಲೇಡು ಮತ್ತೆ ಬಿಗಿದು ಆಯಿಲು ಬದಲಿಸಿದಳು, ಜೋನಿಬೆಲ್ಲದಂಥದ್ದು ಹೋಗಿ ಜೇನಿನಂಥದ್ದು ಬಂತು, ಕಡ್ಡಿ ಅದ್ದಿ ಗೆರೆ ನೋಡಿದಳು, ಫಿಲ್ಟರಿನ ಸ್ಪಂಜನ್ನು ಸಾಬೂನು ನೀರಿನಲ್ಲಿ ಹಿಂಡಿ ಬಿಸಿಲಿಗೆ ಇಟ್ಟಳು, ಬೀಗರ ಮುಂದೆ ಹಾಸುವ ರುಮಾಲಿನ ಹಾಗೆ ಹರವಿ ಇಟ್ಟಳು, ಒಣಗಿದ ಮೇಲೆ ನಾಲ್ಕು ಹನಿ ಆಯಿಲು ಬಿಟ್ಟು ಮತ್ತೆ ಹಿಂಡಿ ಕೂಡಿಸಿದಳು, ಪ್ಲಗ್ಗು ಬಿಚ್ಚಿದರೆ ಕಾಡಿಗೆ, ತಂತಿಯ ಬ್ರಶ್ಶಿನಿಂದ ತಿಕ್ಕಿದರೆ ತುದಿ ಬೆಳ್ಳಿ.

ಇನ್ನು ಕಾರ್ಬೊರೇಟರು, ಪಾಪ ಇರುವುದೆಲ್ಲ ಇಲ್ಲೇ, ಅಡಿಯ ಬೋಲ್ಟು ಸಡಿಲಿಸಿದರೆ ಪುಟ್ಟ ಬಟ್ಟಲು ಕೈಗೆ ಬರುತ್ತದೆ, ದೇವರಿಗೆ ಹಾಲಿಡುವ ಬಟ್ಟಲಿನಷ್ಟೇ, ತಳದಲ್ಲಿ ಹಸಿರು ಗಸಿ, ಅಂಟು, ಬೆರಳಿಗೆ ಹತ್ತಿದರೆ ಎಳೆ ಬರುವ ಅಂಟು, ಅವಳ ಜುಲೈ ತಿಂಗಳಿನ ಮರ್ಯಾದೆ ಕರಗಿ ಗಟ್ಟಿಯಾದದ್ದು, ಒರೆಸಿದಳು, ಆ ಬೋಲ್ಟಿನ ನಟ್ಟನಡುವೆಯೇ ತೂತಿದೆ, ಕೂದಲೆಳೆಯಷ್ಟು, ಇಡೀ ಮೆಷೀನು ಉಸಿರಾಡುವುದು ಇಷ್ಟರಿಂದ, ಈ ತೂತು ಕಟ್ಟಿದರೆ ಬಂಡೆಪ್ಪ ಎಂಟು ದಿನವಲ್ಲ ಎಂಟು ವರ್ಷ ಹಗ್ಗ ಜಗ್ಗಿದರೂ ಅಷ್ಟೇ, ಕಣ್ಣಿಗೆ ಹಿಡಿದು ಆಕಾಶದ ಕಡೆ ನೋಡಿದಳು, ಕತ್ತಲೆ. ಸೂಜಿ ಹಾಕಬಾರದು, ಸೂಜಿ ತೂತನ್ನು ದೊಡ್ಡದು ಮಾಡುತ್ತದೆ, ಅಪ್ಪ ಹೇಳಿಕೊಟ್ಟ ಮೊದಲ ಪಾಠ, ವೈರಿನ ತಾಮ್ರದ ಎಳೆಗಳಲ್ಲಿ ಒಂದೇ ಒಂದನ್ನು ಬಿಡಿಸಿ ಮೆಲ್ಲಗೆ, ಒತ್ತದೆ, ತಿರುವುತ್ತ, ನಾಚಿಕೆಯವರ ಮಾತು ಹೊರಡಿಸಿದ ಹಾಗೆ — ಎಲ್ಲಿಂದ ಬಂತು ಈ ಮಾತು, ನಗು ಬಂತು, ಬಂಡೆಪ್ಪ ಯಾಕವ್ವಾ ಎಂದ, ಏನಿಲ್ಲ ಕಾಕಾ — ಎಳೆ ಒಂದು ಕಡೆ ತಡೆಯಿತು, ಬಿಟ್ಟಿತು, ಇನ್ನೊಂದು ಕಡೆಯಿಂದ ತಾಮ್ರದ ತುದಿ ಹೊರಗೆ ಇಣುಕಿತು, ಮತ್ತೆ ಕಣ್ಣಿಗೆ ಹಿಡಿದಳು, ಬೆಳಕು. ಸಾಸಿವೆಯಷ್ಟು ಆಕಾಶ. ಬಂಡೆಪ್ಪಗೂ ತೋರಿಸಿದಳು, ಅವನು ಒಂದು ಕಣ್ಣು ಮುಚ್ಚಿ ನೋಡಿ, ಏ ಇದರಾಗೇನೈತಿ ಅಂದ, ಆಮೇಲೆ ಏನು ಹೊಳೆಯಿತೋ, ಯಾಕೋ ಧ್ವನಿ ಇಳಿಸಿ ಕೇಳಿದ, ತಂಗೆವ್ವಾ, ಖರೇ ಹೇಳು, ಎರಡ ವರ್ಷದಿಂದ ಇದನ್ನ ನೀನ ಮಾಡತಿ ಹೌದಲ್ಲೋ, ನಿಮ್ಮಣ್ಣನ ಅಂಗೀ ಮ್ಯಾಲ ಒಂದ ದಿನಾನೂ ಆಯಿಲ್ ಕಲಿ ನೋಡಿಲ್ಲ ನಾ. ಅವಳು ಬಟ್ಟಲು ಕೂಡಿಸಿ ಬೋಲ್ಟು ಬಿಗಿಯುತ್ತಿದ್ದಳು, ಬಿಗಿಯುತ್ತಲೇ ತಲೆ ಅಲ್ಲಾಡಿಸಿದಳು, ಹೌದೆಂದು, ಆದರೆ ತಲೆ ಅಲ್ಲಾಡಿಸುವುದು ಹೇಳುವುದಲ್ಲ, ಅದು ಅವಳಿಗೂ ಗೊತ್ತು, ತಲೆಯನ್ನು ಅಪ್ಪನಿಗೆ ಒಯ್ದು ತೋರಿಸಲಾಗದು.

ಹೊಸ ಪೆಟ್ರೋಲು, ಆಹಾ, ಮೂಗಿಗೆ ಚುರ್ ಎನ್ನುವ ಪೆಟ್ರೋಲು, ಈ ಸಲ ಬೇಕಾದಷ್ಟೇ, ಕಂಠಮಟ್ಟ ಅಲ್ಲ, ಬ್ಲೇಡಿನ ಎತ್ತರ ಎಲ್ಲಕ್ಕಿಂತ ಮೇಲಿನ ಹಲ್ಲಿಗೆ, ಮೊಣಕಾಲುದ್ದದ ಹುಲ್ಲನ್ನು ಒಮ್ಮೆಲೇ ಗಿಡ್ಡ ಮಾಡಲು ಹೋದರೆ ಎಂಜಿನ್ನು ಉಸಿರುಕಟ್ಟುತ್ತದೆ, ಎರಡು ಸಲ ಹೋಗಬೇಕು, ಪ್ಲಗ್ಗಿನ ವೈರು ಕೊನೆಗೆ, ಟಕ್ ಎಂದು ಕೂತಿತು, ರಬ್ಬರು ಗುಂಡಿಯನ್ನು ಮೂರು ಸಲ ಒತ್ತಿದಳು, ಹಿಡಿಕೆಯ ಸರಳು ಒತ್ತಿ ಹಿಡಿದಳು, ಹಗ್ಗ. ಒಂದು — ಏನಿಲ್ಲ, ಬಂಡೆಪ್ಪ ಉಸಿರು ಬಿಟ್ಟ. ಎರಡು — ಕೆಮ್ಮಿತು, ಬಂಡೆಪ್ಪ ಕೆಮ್ಮಿತ ಕೆಮ್ಮಿತ ಎಂದು ಕೂಗಿದ, ಸತ್ತವರು ಎದ್ದ ಹಾಗೆ. ಮೂರನೆಯದಕ್ಕೆ ಅವಳು ಹಗ್ಗ ಜಗ್ಗಲಿಲ್ಲ, ಹಗ್ಗದ ಜೊತೆ ತಾನೇ ಹೋದಳು, ಬೆನ್ನು ರಟ್ಟೆ ಎಲ್ಲ, ಮತ್ತು ಅದು ಗುಡುಗಿತು, ಮೊದಲು ಬಿಳಿ ಹೊಗೆ ಒಂದು ಮೋಡ, ಮೋಡ ಚದುರಿ ಆಮೇಲೆ ಬರೀ ದನಿ, ತಡವರಿಸದ, ಒಂದೇ ಸಮನೆಯ ದನಿ, ಹಿಡಿಕೆಯಿಂದ ಅಂಗೈಗೆ ಅಂಗೈಯಿಂದ ಹಲ್ಲಿಗೆ ಏರಿದ ದನಿ, ಅವಳು ಮೆಟ್ಟಿಲು ಇಳಿಸಿದಳು, ಹುಲ್ಲಿಗೆ ಬಿಟ್ಟಳು, ಬಂಡೆಪ್ಪ ನಾ ಹೊಡಿತೀನಿ ಬಿಡು ಎಂದು ಬಂದರೂ ಬಿಡಲಿಲ್ಲ, ಈ ಮೊದಲ ಸಾಲು ನನ್ನದು, ಹುಲ್ಲು ಮುಂದೆ ಮಲಗುತ್ತಿತ್ತು ಬಾಜೂಕ್ಕೆ ಹಾರುತ್ತಿತ್ತು, ಹಸಿ ವಾಸನೆ ಎದ್ದಿತು, ಗೋಡೆಯ ತನಕ ಹೋಗಿ ತಿರುಗಿ ನೋಡಿದರೆ ಒಂದು ಪಟ್ಟಿ, ಕಾಡಿನ ನಡುವೆ ಬಾಚಣಿಗೆಯಿಂದ ತೆಗೆದ ಬೈತಲೆಯ ಹಾಗೆ ಒಂದೇ ಪಟ್ಟಿ, ನೆಟ್ಟಗೆ, ತಿಳಿ ಹಸಿರು. ಚಾಲೂ ಝಾಲಂ, ಚಾಲೂ ಝಾಲಂ — ಚಂಪಾಬಾಯಿ ಮರಾಠಿಯಲ್ಲಿ ಕೂಗುತ್ತ ಅಡಿಗೆಯ ಸಟ್ಟುಗ ಹಿಡಿದುಕೊಂಡೇ ಓಡಿ ಬಂದರು, ಸರಳು ಬಿಟ್ಟಳು, ಮೆಷೀನು ನಿಂತಿತು, ಕಿವಿಯಲ್ಲಿ ಮಾತ್ರ ಇನ್ನೂ ಓಡುತ್ತಿತ್ತು, ಶಾಭಾಸ, ನಿಮ್ಮಣ್ಣ ಖರೇ ಉಸ್ತಾದ ನೋಡು, ತಾ ಬರದ ತಂಗಿ ಕೈಲೇ ಮಾಡಸ್ಯಾನ, ತಡಿ, ಫೋನ ಹಚ್ಚತೀನಿ ಅವಗ, ಶಾಭಾಸಕಿನೂ ಕೊಡತೀನಿ, ಆಷಾಢದಾಗ ಹೆಂಗ ಇಟ್ಟ ಹೋಗಿದ್ದಿ ಅಂತ ಕಿವಿನೂ ಹಿಂಡತೀನಿ. ಫೋನು ಸ್ಪೀಕರಿನಲ್ಲಿ, ರಿಂಗು ಹೋಗುತ್ತಿದೆ, ಅಣ್ಣ ಎತ್ತುತ್ತಾನೆ, ನಗುತ್ತಾನೆ, ತಪ್ಪಾತ್ರಿ ಆಯೀ ಎನ್ನುತ್ತಾನೆ, ಎಷ್ಟು ಒಳ್ಳೆಯವನು, ಅವಳ ಮೇಲಿನ ಮಾತೆಲ್ಲ ಹೀಗೇ ತನ್ನ ಮೇಲೆ ಹಾಕಿಕೊಂಡು ಬಂದವನು, ನೀ ಸುಮ್ಮನಿರು ಪ್ರಾಚೀ ನಾ ಸಂಭಾಳಸ್ತೀನಿ, ಬೈಗುಳವನ್ನೂ ಹೊತ್ತ, ಅದರ ಜೊತೆಗೆ ಶಾಭಾಸನ್ನೂ, ಎರಡೂ ಒಂದೇ ಗಂಟಿನಲ್ಲಿ ಇವೆ, ಒಂದನ್ನು ಬಿಚ್ಚಿ ಇನ್ನೊಂದನ್ನು ಅವನ ಕೈಯಲ್ಲಿ ಬಿಡಲು ಬರುವುದಿಲ್ಲ, ರಿಂಗು, ಸುಮ್ಮನಿದ್ದರೆ ಮೂರು ರಿಂಗಿನಲ್ಲಿ ಎಲ್ಲ ಮುಗಿಯುತ್ತದೆ, ಬೈಗುಳ ತಪ್ಪುತ್ತದೆ, ಕೆಲಸವೂ ತಪ್ಪುತ್ತದೆ, ಸಾತಪ್ಪ ಬರುತ್ತಾನೆ, ರಿಂಗು, ಚಂಪಾಬಾಯಿಯವರ ಭುಜದಾಚೆ ಆ ಪಟ್ಟಿ, ಬೇರೆ ಏನೂ ಕಾಣುತ್ತಿಲ್ಲ, ಹುಲ್ಲು ಎರಡೂ ಕಡೆ ಎದ್ದು ನಿಂತಿದೆ ನಡುವೆ ಆ ಪಟ್ಟಿ, ಅವಳು ಹೋಗಿ ಬಂದ ಅಗಲದ್ದೇ, ಅವಳ ಹೆಜ್ಜೆಯೇ, ಪಟ್ಟಿ, ಆ ಪಟ್ಟಿ — ಆಯೀ, ಫೋನ ಇಡ್ರಿ.

ಚಂಪಾಬಾಯಿ ಇಟ್ಟರು, ಯಾಕೆ ಇಟ್ಟರೆಂದು ಅವರಿಗೇ ತಿಳಿಯಲಿಲ್ಲ, ಆ ದನಿ ಅವರು ಇದಕ್ಕೂ ಮೊದಲು ಕೇಳಿರಲಿಲ್ಲ.

ಅಣ್ಣಂದು ಏನೂ ಇಲ್ರಿ ಇದರಾಗ. ಟಾಕಿ ತುಂಬಿಸಿಟ್ಟು ಕೆಡಿಸಿದಾಕಿ ನಾನ, ಇವತ್ತ ಚಾಲೂ ಮಾಡಿದಾಕಿನೂ ನಾನ, ಇನ್ನ ಮುಂದ ಬರಾಕಿನೂ ನಾನ.